ಕ್ಲಾಕಿನ ನಡುಕ ಇಳಿಸಿದವರು



ಮೊಬೈಲು, ಕಂಪ್ಯೂಟರು, ಡಿಜಿಟಲ್ ಕ್ಯಾಮೆರಾ, ಇವೆಲ್ಲದರೊಳಗೂ ಒಂದು ಪುಟ್ಟ ಸರ್ಕ್ಯೂಟು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಿಡಿಯುತ್ತಿರುತ್ತದೆ. ಅದೇ ಕ್ಲಾಕ್. ಮಿಡಿತ ಬರಬೇಕಾದ ಕ್ಷಣಕ್ಕಿಂತ ತುಸು ಹಿಂದುಮುಂದಾದರೆ ಅದು ಜಿಟರ್. 20,000 ಹರ್ಟ್ಸ್‌ನ ಸ್ವರವನ್ನು 16 ಬಿಟ್ ನಿಖರತೆಯಲ್ಲಿ ದಾಖಲಿಸಲು ಈ ಜಿಟರ್ ಸುಮಾರು 100 ಪಿಕೋಸೆಕೆಂಡಿನೊಳಗೆ ಇರಬೇಕು. ಅಷ್ಟು ಹೊತ್ತಿನಲ್ಲಿ ಬೆಳಕು ಸಾಗುವುದು ಮೂರೇ ಸೆಂಟಿಮೀಟರ್.

ಮೊದಲಿಗೆ ಇಂಥ ಮಿಡಿತ ಹುಟ್ಟಿಸುವ ಸರ್ಕ್ಯೂಟುಗಳಲ್ಲಿ, ಅಂದರೆ ಆಸಿಲೇಟರುಗಳಲ್ಲಿ, ಇದ್ದದ್ದು ಸುರುಳಿ ಮತ್ತು ಕೆಪಾಸಿಟರ್. ಬಿಸಿಯೇರಿದರೆ ಅವುಗಳ ಆವರ್ತನ ಸರಿದುಬಿಡುತ್ತಿತ್ತು. 1921ರಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ವಾಲ್ಟರ್ ಕೇಡಿ ಆ ಜಾಗಕ್ಕೆ ಕ್ವಾರ್ಟ್ಜ್ ಹರಳನ್ನು, ಅಂದರೆ ನಮ್ಮ ಬೆಣಚುಕಲ್ಲಿನ ಸ್ಫಟಿಕವನ್ನು, ತಂದರು. 1927ರಲ್ಲಿ ಬೆಲ್ ಲ್ಯಾಬ್ಸ್‌ನ ವಾರನ್ ಮ್ಯಾರಿಸನ್ ಮತ್ತು ಹಾರ್ಟನ್ ಹರಳಿನ ಗಡಿಯಾರವನ್ನೇ ಕಟ್ಟಿದರು. ಮರುವರ್ಷ ಅದೇ ಸಂಸ್ಥೆಯ ಜಾನ್ ಜಾನ್ಸನ್ ಮತ್ತು ಹ್ಯಾರಿ ನೈಕ್ವಿಸ್ಟ್ ಪ್ರಕಟಿಸಿದ ಸಂಗತಿ ಮಾತ್ರ ಉತ್ಸಾಹಕ್ಕೆ ಕಡಿವಾಣ ಹಾಕುವಂಥದ್ದು: ಪ್ರತಿಯೊಂದು ರೆಸಿಸ್ಟರಿನಲ್ಲೂ ಶಾಖದಿಂದಲೇ ಸದ್ದು, ಅಂದರೆ ನಾಯ್ಸ್, ಹುಟ್ಟುತ್ತದೆ. ಅದನ್ನು ಇಲ್ಲವಾಗಿಸಲು ಬಾರದು. ಅದು ಯಾವ ದಾರಿಯಲ್ಲಿ ಬಂದು ಮಿಡಿತವನ್ನು ಮುಟ್ಟುತ್ತದೆ ಎಂದು ಹುಡುಕಿ, ಆ ದಾರಿಯನ್ನು ಕಿರಿದು ಮಾಡುವುದಷ್ಟೇ ನಮ್ಮ ಕೈಯಲ್ಲಿರುವುದು. ಮುಂದಿನ ಚರಿತ್ರೆಯೆಲ್ಲ ಈ ಹುಡುಕಾಟದ್ದೇ.

ಅದಕ್ಕೆ ತುರ್ತು ತಂದದ್ದು ಡಾಪ್ಲರ್ ರೇಡಾರ್. 10 ಗಿಗಾಹರ್ಟ್ಸ್‌ನ ಅಲೆ ಕಳಿಸಿದಾಗ, ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸರಿಯುವ ವಸ್ತುವಿನಿಂದ ಮರಳುವ ಅಲೆಗೂ ಮೂಲಕ್ಕೂ ಇರುವ ಅಂತರ ಬರೀ 1,000 ಹರ್ಟ್ಸ್. ಆಸಿಲೇಟರಿನ ಸ್ವಂತ ನಾಯ್ಸ್ ಇರುವುದೂ ಅಲ್ಲೇ, ಮೂಲ ಅಲೆಯ ಅಕ್ಕಪಕ್ಕ. ಕ್ಷೀಣವಾದ ಪ್ರತಿಧ್ವನಿ ಅದರಲ್ಲಿ ಮುಳುಗಿಹೋಗುತ್ತಿತ್ತು. 1964ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಆವರ್ತನದ ಈ ಅಲ್ಪಾವಧಿ ಅಸ್ಥಿರತೆಯ ಮೇಲೆಯೇ ಒಂದು ಸಮ್ಮೇಳನ ನಡೆಯಿತು. 1966ರ ಫೆಬ್ರುವರಿಯಲ್ಲಿ ‘ಪ್ರೊಸೀಡಿಂಗ್ಸ್ ಆಫ್ ದಿ ಐಇಇಇ’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಬರಹಗಳು ಬಂದವು. ಅಸ್ಥಿರತೆಯನ್ನು ಅಳೆಯುವ ಲೆಕ್ಕವನ್ನು ಡೇವಿಡ್ ಆಲನ್ ಕೊಟ್ಟರು. ಇನ್ನೊಂದು, ಡೇವಿಡ್ ಲೀಸನ್ ಬರೆದ ಎರಡು ಪುಟದ ಟಿಪ್ಪಣಿ. ಈ ಕ್ಷೇತ್ರದಲ್ಲಿ ಇಷ್ಟು ಚಿಕ್ಕದಾಗಿದ್ದು ಇಷ್ಟು ಕಾಲ ಬಾಳಿದ ಇನ್ನೊಂದು ಬರಹ ನನಗೆ ಕಂಡಿಲ್ಲ.

ಲೀಸನ್ ಹೇಳಿದ್ದು ಇಷ್ಟು. ಆಸಿಲೇಟರಿನೊಳಗಿನ ಸಂಕೇತ ಬಲವಾಗಿರಲಿ, ಆಂಪ್ಲಿಫೈಯರ್ ಶಾಂತವಾಗಿರಲಿ. ಎಲ್ಲಕ್ಕಿಂತ ಮಿಗಿಲಾಗಿ ಮಿಡಿಯುವ ವಸ್ತು ತನ್ನ ಶಕ್ತಿಯನ್ನು ಬೇಗ ಕಳೆದುಕೊಳ್ಳದಿರಲಿ. ಈ ಕೊನೆಯ ಗುಣಕ್ಕೆ ಕ್ಯೂ ಎಂಬ ಅಳತೆ. ಕ್ಯೂ ಇಮ್ಮಡಿಯಾದರೆ ಮೂಲ ಆವರ್ತನದ ಹತ್ತಿರದ ನಾಯ್ಸ್ ಕಾಲುಭಾಗಕ್ಕಿಳಿಯುತ್ತದೆ. ಸುರುಳಿಯ ಕ್ಯೂ ಕೆಲವು ನೂರು ಮುಟ್ಟಿದರೆ ದೊಡ್ಡದು. ಹರಳಿನದು ಹತ್ತಾರು ಸಾವಿರದಿಂದ ಲಕ್ಷದಾಚೆಗೂ ಹೋಗುತ್ತದೆ. ಹರಳು ಯಾಕೆ ಗೆದ್ದಿತು ಎಂಬುದಕ್ಕೆ ಅಲ್ಲಿ ಲೆಕ್ಕ ಸಿಕ್ಕಿತು.

ಚಿಪ್ಪುಗಳ ಕಾಲ ಬಂದಾಗ ತೊಡಕು ಮತ್ತೆ ಎದ್ದಿತು. ಸಾಧಾರಣ ಹರಳು ಹತ್ತಾರು ಮೆಗಾಹರ್ಟ್ಸ್‌ಗೆ ನಿಲ್ಲುತ್ತದೆ, ಪ್ರೊಸೆಸರಿಗೆ ಬೇಕಾದ್ದು ಗಿಗಾಹರ್ಟ್ಸ್. ಹಾಗಾಗಿ ಫೇಸ್ ಲಾಕ್ಡ್ ಲೂಪ್ ಎಂಬ ಸರ್ಕ್ಯೂಟಿನಿಂದ ಆವರ್ತನವನ್ನು ಗುಣಿಸುತ್ತಾರೆ. 1932ರಲ್ಲಿ ಫ್ರಾನ್ಸಿನ ಆನ್ರಿ ದ ಬೆಲ್ಲಿಸೀಜ್ ರೇಡಿಯೋಗಾಗಿಯೇ ಈ ಲೂಪಿನ ಕುರಿತು ಬರೆದಿದ್ದರು. ಗುಣಿಸುವುದು ಪುಕ್ಕಟೆಯಲ್ಲ: ಆವರ್ತನವನ್ನು ಹತ್ತುಪಟ್ಟು ಮಾಡಿದರೆ ಮೂಲ ಆವರ್ತನದ ಅಕ್ಕಪಕ್ಕದ ಆ ನಾಯ್ಸ್, ಅಂದರೆ ಫೇಸ್ ನಾಯ್ಸ್, 20 ಡೆಸಿಬಲ್ ಏರುತ್ತದೆ. ಚಿಪ್ಪಿನ ಮೇಲೆ ಬರೆದ ಪುಟ್ಟ ಸುರುಳಿಯ ಕ್ಯೂ ಹತ್ತಿಪ್ಪತ್ತರ ಆಸುಪಾಸು. ಅಲ್ಲಿ ಲೀಸನ್ನರ ಮದ್ದು ಅರ್ಧಕ್ಕೇ ನಿಲ್ಲುತ್ತದೆ.

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಅಲಿ ಹಾಜಿಮಿರಿ ಮತ್ತು ಥಾಮಸ್ ಲೀ ಬೇರೆಯೇ ಪ್ರಶ್ನೆ ಕೇಳಿದರು: ನಾಯ್ಸ್ ಎಷ್ಟು ಬಂತು ಎನ್ನುವುದಿರಲಿ, ಯಾವ ಘಳಿಗೆಯಲ್ಲಿ ಬಂತು? ವೋಲ್ಟೇಜ್ ತುದಿಗೇರಿದ್ದಾಗ ಬಿದ್ದ ಪೆಟ್ಟು ಅಲೆಯ ಎತ್ತರವನ್ನು ಮಾತ್ರ ಕೆಣಕುತ್ತದೆ, ಎತ್ತರ ತಾನಾಗಿ ಸರಿಹೋಗುತ್ತದೆ. ಸೊನ್ನೆಯನ್ನು ದಾಟುವಾಗ ಬಿದ್ದ ಪೆಟ್ಟು ಕಾಲವನ್ನೇ ಸರಿಸುತ್ತದೆ, ಆ ತಪ್ಪು ಹಾಗೇ ಉಳಿಯುತ್ತದೆ. ಆದ್ದರಿಂದ ಟ್ರಾನ್ಸಿಸ್ಟರ್ ಅಲೆಯ ತುದಿಯಲ್ಲೇ ಕರೆಂಟು ಕೊಡುವಂತೆ ಸರ್ಕ್ಯೂಟು ಕಟ್ಟಬೇಕು. 1826ರಲ್ಲಿ ಕೇಂಬ್ರಿಡ್ಜ್‌ನ ಜಾರ್ಜ್ ಏರಿ ಲೋಲಕದ ಗಡಿಯಾರದ ಬಗ್ಗೆ ಕಂಡುಕೊಂಡದ್ದೂ ಇಂಥದ್ದೇ: ಲೋಲಕ ನಟ್ಟನಡುವೆ, ಅಂದರೆ ತನ್ನ ವೇಗದ ತುದಿಯಲ್ಲಿ, ಹಾಯುವಾಗ ನೂಕಿದರೆ ಅದರ ಕಾಲ ಕೆಡುವುದಿಲ್ಲ. ಏರಿಯ ಗಣಿತ ಚಿಪ್ಪಿಗೂ ಸಲ್ಲುತ್ತದೆ ಎಂಬುದು ನನಗೆ ಇಂದಿಗೂ ರೋಮಾಂಚನ.

ಇಷ್ಟಾದ ಮೇಲೂ ಹಲವು ಬೋರ್ಡುಗಳಲ್ಲಿ ಜಿಟರ್ ಒಳಬರುವುದು ಹರಳಿನಿಂದಲ್ಲ, ಪವರ್ ಸಪ್ಲೈನಿಂದ. ಪಕ್ಕದ ಡಿಜಿಟಲ್ ಸರ್ಕ್ಯೂಟು ಪ್ರತಿ ಸಲ ಸ್ವಿಚ್ ಆದಾಗಲೂ ಸಪ್ಲೈ ವೋಲ್ಟೇಜ್ ಜಗ್ಗುತ್ತದೆ, ಕ್ಲಾಕಿನ ಅಂಚು ಅದರೊಂದಿಗೆ ಸರಿಯುತ್ತದೆ. ಎಲೆಕ್ಟ್ರಾನಿಕ್ಸ್ ಓದುತ್ತಿರುವ ತರುಣ ತರುಣಿಯರು ಕೇಳುತ್ತಿದ್ದರೆ ಒಂದು ವಿನಂತಿ. ದುಬಾರಿ ಹರಳು ಕೊಳ್ಳುವ ಮೊದಲು ಆಸಿಲೇಟರಿಗೆಂದೇ ಒಂದು ಪ್ರತ್ಯೇಕ ರೆಗ್ಯುಲೇಟರ್ ಕೊಡಿ. ಡಿಕಪ್ಲಿಂಗ್ ಕೆಪಾಸಿಟರನ್ನು ಆಸಿಲೇಟರಿನ ಪವರ್ ಪಿನ್ನಿಗೆ ಒತ್ತಿದಂತೆಯೇ ಕೂರಿಸಿ. ದೂರವಾದಷ್ಟೂ ನಡುವಿನ ತಾಮ್ರದ ಗೆರೆಯ ಇಂಡಕ್ಟೆನ್ಸ್ ಹೆಚ್ಚಿ, ವೇಗದ ಜಗ್ಗಾಟವನ್ನು ತಡೆಯುವ ಕೆಪಾಸಿಟರಿನ ಶಕ್ತಿ ಕುಂದುತ್ತದೆ.