ವೆಂಟಿಲೇಟರ್ ಹಾಕಿದರೆ ಮುಗಿದಂತೆಯೇ?

ಐಸಿಯುಗೆ ಸೇರಿಸಿದ ಸುದ್ದಿ ಸವಳಂಗದ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ, ‘ಮಿಷಿನ್ ಮೇಲಿಟ್ಟಿದಾರಂತೆ, ಇನ್ನೇನು ಮುಗೀತು’ ಎಂದಾಗಿರುತ್ತದೆ. ಶಿವಮೊಗ್ಗದ ಮೆಗ್ಗಾನಿಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ರೋಗಿಯನ್ನು ಒಯ್ದವರು ಮತ್ತೆ ಮತ್ತೆ ಕೇಳುವುದೂ ಇದನ್ನೇ: ವೆಂಟಿಲೇಟರಿಗೆ ಸಹಿ ಹಾಕಬೇಕೇ, ಊರಿಗೆ ಕರೆತರಬೇಕೇ?

ಹಾವು ಕಚ್ಚಿದವರನ್ನೇ ನೋಡಿದರೆ ಯಾರಿಗೆ ಎಷ್ಟು ಆರೈಕೆ ಬೇಕೆಂಬ ಲೆಕ್ಕ ತಿಳಿಯುತ್ತದೆ. ವಿಷದ ಲಕ್ಷಣವೇ ಇಲ್ಲದವರಿಗೆ ವಾರ್ಡಿನಲ್ಲಿ ಒಂದು ದಿನದ ನಿಗಾ ಸಾಕು. ಕೊಳಕುಮಂಡಲ ಕಚ್ಚಿ ರಕ್ತ ಹೆಪ್ಪುಗಟ್ಟದವರಿಗೆ ವಾರ್ಡಿಗೂ ಐಸಿಯುಗೂ ನಡುವಿನ ಎಚ್‌ಡಿಯು ಬೇಕು; ಅಲ್ಲಿ ಬಿಪಿ, ಮೂತ್ರ ಗಂಟೆಗಂಟೆಗೂ ಲೆಕ್ಕಕ್ಕೆ ಬರುತ್ತವೆ. ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. ಮೂತ್ರಪಿಂಡ ಸೋತರೆ ಡಯಾಲಿಸಿಸ್.

ಉಸಿರೇ ಸೋತರೆ ಐಸಿಯು.

ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ನೋವಿರದು, ಎಷ್ಟೋ ಸಲ ಗುರುತೂ ಸಿಗದು. ಬೆಳಗಿನ ಜಾವ ಹೊಟ್ಟೆನೋವು. ಆಮೇಲೆ ರೆಪ್ಪೆ ಜೋಲುತ್ತದೆ, ಎಂಜಲು ನುಂಗಲಾಗದು. ವಿಷ ನರದ ತುದಿಗಳನ್ನೇ ಕೆಡಿಸುವುದರಿಂದ ಉಸಿರಾಟದ ಸ್ನಾಯುಗಳಿಗೆ ಅಪ್ಪಣೆ ತಲುಪುವುದಿಲ್ಲ. ಆಕ್ಸಿಜನ್ ಮಾಸ್ಕ್ ಸಾಲದೇ ಎನ್ನುತ್ತಾರೆ. ಸಾಲದು! ಮಾಸ್ಕಿನ ಗಾಳಿ ಎಳೆದುಕೊಳ್ಳಬೇಕಾದ ಎದೆಯೇ ಸೋತಿದೆ. ವಿಷನಿವಾರಕ ಇಂಜೆಕ್ಷನ್ ರಕ್ತದಲ್ಲಿರುವ ವಿಷವನ್ನು ಹಿಡಿದೀತು, ಕೆಟ್ಟ ತುದಿಗಳನ್ನು ಸರಿಮಾಡದು. ಅವು ಮತ್ತೆ ಚಿಗುರಲು ದಿನಗಳು ಬೇಕು. ಕರೆಂಟ್ ಬರುವವರೆಗೆ ಡೀಸೆಲ್ ಎಂಜಿನ್ ನೀರೆತ್ತುವಂತೆ, ನರ ಚಿಗುರುವವರೆಗೆ ವೆಂಟಿಲೇಟರ್ ಉಸಿರೆತ್ತುತ್ತದೆ. ಅದು ವಿಷ ಇಳಿಸುವುದಿಲ್ಲ. ಕಾಯುವಷ್ಟು ಹೊತ್ತು ಜೀವ ಹಿಡಿದಿಡುತ್ತದೆ, ಅಷ್ಟೇ.

ಎಲ್ಲ ಕಾಯಿಲೆಯಲ್ಲೂ ಹೀಗೆ ಮರಳಿ ಬರುತ್ತಾರೆಂದಲ್ಲ. ಆದರೆ ಮರಳಿ ಬರಬಲ್ಲವರನ್ನೇ ಮನೆಗೆ ಒಯ್ಯುವುದನ್ನು ನೋಡಿ ಸಹಿಸಲಾಗದು. ನಾನು ಕಿರಿಯ ವೈದ್ಯನಾಗಿದ್ದಾಗ ಹೀಗೆಯೇ ವೆಂಟಿಲೇಟರ್ ಮೇಲಿದ್ದ ಒಬ್ಬ ಹುಡುಗ ನಾಲ್ಕು ದಿನ ಕಣ್ಣು ತೆರೆಯದೆ ಮಲಗಿದ್ದ, ಐದನೆಯ ದಿನ ಹೆಬ್ಬೆರಳು ಅಲುಗಿಸಿದ. ಆಮೇಲೆ ಹೇಳಿದ್ದು: ಹಾಸಿಗೆಯ ಪಕ್ಕ ನಿಂತು ಅವ್ವ ಅತ್ತದ್ದು, ಚಿಕ್ಕಪ್ಪ ‘ಕರ್ಕೊಂಡು ಹೋಗೋಣ’ ಎಂದದ್ದು, ಎಲ್ಲ ಕೇಳಿಸುತ್ತಿತ್ತಂತೆ.

ಐಸಿಯು ಹುಟ್ಟಿದ್ದೂ ಉಸಿರಿನಿಂದಲೇ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಯಂತ್ರಗಳು ಸಾಲಲಿಲ್ಲ. ವೈದ್ಯ ಬ್ಯೋರ್ನ್ ಇಬ್ಸೆನ್ ಸೂಚಿಸಿದಂತೆ ಕುತ್ತಿಗೆಯ ನಳಿಗೆಗೆ ರಬ್ಬರ್ ಚೀಲ ಜೋಡಿಸಿ, ವೈದ್ಯ ವಿದ್ಯಾರ್ಥಿಗಳು ಪಾಳಿಯಲ್ಲಿ ಹಗಲೂ ರಾತ್ರಿ ಒತ್ತಿದರು.

ಮತ್ತೆ ಹಾವಿನ ಮಾತಿಗೆ ಬಂದರೆ, ಹಾವಿನ ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿದೆ. ಆದರೂ ಕಚ್ಚಿದ ಕಡೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು ನಿಂತಿಲ್ಲ. ರೆಪ್ಪೆ ಜೋತವರನ್ನು ಬೈಕಿನ ನಡುವೆ ಕೂರಿಸಿಕೊಂಡು ಶಿವಮೊಗ್ಗ ರಸ್ತೆ ಹಿಡಿಯುವವರೂ ಇದ್ದಾರೆ. ದಾರಿಯಲ್ಲಿ ಉಸಿರು ನಿಂತರೆ ಅದೇ ಚೀಲ ಒತ್ತಬಲ್ಲವರು 108ರ ಗಾಡಿಯಲ್ಲಿರುತ್ತಾರೆ, ಬೈಕಿನ ಮೇಲಲ್ಲ.