ಗುರುವಿನ ಎಣಿಕೆ

ಚದುರಂಗದ ಮಣೆಯ ಮೇಲೆ ಹತ್ತು ನಡೆಗಳಾಚೆಯದನ್ನು ಕಾಣಬಲ್ಲವರಿಗೂ ಎದುರು ಕುಳಿತ ಹುಡುಗನ ನಾಳೆ ಕಾಣದೆ ಹೋಗಬಹುದು. 1948ರಲ್ಲಿ ವಿಶ್ವವಿಜೇತರಾದ ಮಿಖಾಯಿಲ್ ಬೊಟ್ವಿನಿಕ್ ಅವರು 1963ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕಿರಿಯರಿಗಾಗಿ ಚದುರಂಗ ಶಾಲೆಯೊಂದನ್ನು ತೆರೆದರು. ಅಲ್ಲಿಗೆ ಬಂದ ಹನ್ನೆರಡು ವರ್ಷದ ಅನತೋಲಿ ಕಾರ್ಪೋವ್‌ನನ್ನು ಕಂಡು, ಈತನಿಗೆ ಆಟದ ಗಂಧವೇ ಇಲ್ಲ, ಮುಂದೆ ಬರಲಾರ ಎಂದು ಅವರು ತೀರ್ಮಾನಿಸಿದರಂತೆ. ಆದರೂ ಉಳಿದವರಂತೆ ಅವನಿಗೂ ಮನೆಪಾಠ ಕೊಟ್ಟರು. ಆ ಪಾಠವೇ ತಮ್ಮನ್ನು ಚದುರಂಗದ ಗ್ರಂಥಗಳತ್ತ ತಿರುಗಿಸಿತೆಂದು ಕಾರ್ಪೋವ್ ಅನಂತರ ನೆನೆದಿದ್ದಾರೆ. 1975ರಲ್ಲಿ ಅವರು ವಿಶ್ವವಿಜೇತರಾದರು. 1985ರಲ್ಲಿ ಅವರನ್ನು ಗೆದ್ದು ಆ ಪಟ್ಟವೇರಿದ ಗ್ಯಾರಿ ಕಾಸ್ಪರೋವ್ ಅವರೂ ಅದೇ ಗುರುವಿನ ಶಿಷ್ಯರು.

ಶ್ರೋತೃಗಳೇ, ನಾನೂ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಹಳಗನ್ನಡ ಪದ್ಯವನ್ನು ಬಿಡಿಸಿ ಓದಲಾರದೆ ತಡವರಿಸಿದ ಹುಡುಗನೊಬ್ಬನಿಗೆ, ಇದು ನಿನ್ನ ದಾರಿಯಲ್ಲವೆಂದು ತರಗತಿಯಲ್ಲೇ ಹೇಳಿಬಿಟ್ಟೆ. ಮರುವಾರದಿಂದ ಅವನು ಬರಲಿಲ್ಲ. ಅವನು ಮುಂದೆ ಏನಾದನೋ ನಾನರಿಯೆ. ಎಣಿಕೆ ತಪ್ಪುವುದು ಯಾವ ಗುರುವಿಗೂ ಸಹಜವೇ. ಬೊಟ್ವಿನಿಕ್ ಅವರು ತಪ್ಪಿಯೂ ಮನೆಪಾಠ ಕೊಟ್ಟರು. ನಾನು ತೀರ್ಪನ್ನಷ್ಟೇ ಕೊಟ್ಟೆ.