ಹರದನಹಳ್ಳಿಯ ಡಿಪ್ಲೊಮಾ ಹುಡುಗ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದಾಗ ನನಗೆ ಬಂದ ಅಂಕಕ್ಕೆ ಒಳ್ಳೆಯ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸಿಗಲಿಲ್ಲ. ಡಿಪ್ಲೊಮಾ ಸೇರಿದೆ. "ಅಯ್ಯೋ, ಡಿಪ್ಲೊಮಾನಾ? ಪೀಣ್ಯದಲ್ಲಿ ಮೆಷಿನ್ ಮುಂದೆ ನಿಲ್ಲೋಕಾ?" ಎಂದು ನೆಂಟರೊಬ್ಬರು ಕೇಳಿದ್ದರು. ಅಮ್ಮ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಮುಗಿಸಿದೆ, ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ಆದರೂ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಬಿಇ ಎಂದಷ್ಟೇ ಹೇಳುತ್ತಿದ್ದೆ. ಡಿಪ್ಲೊಮಾ ಮಾತನ್ನು ನುಂಗಿಕೊಳ್ಳುತ್ತಿದ್ದೆ.

ಒಮ್ಮೆ ಜರ್ಮನ್ ಸಹೋದ್ಯೋಗಿಯೊಬ್ಬ ತನ್ನ ದೇಶದ ಫ್ರೀಡ್ರಿಷ್ ಎಬರ್ಟ್ ಅವರ ಬಗ್ಗೆ ಹೇಳಿದ. ಕುದುರೆಯ ಜೀನು ಹೊಲಿಯುವ ಕಸುಬು ಕಲಿತವರು, ಬ್ರೆಮೆನ್ ನಗರದ ಸಭೆಗೆ ಆರಿಸಿ ಬಂದು, 1919ರಲ್ಲಿ ದೇಶದ ಅಧ್ಯಕ್ಷರಾದರು. "ನಿಮ್ಮಲ್ಲಿ ಹೀಗೆ ಯಾರಿದ್ದಾರೆ?" ಎಂದ. ನನಗೆ ತಟ್ಟನೆ ಹೊಳೆದದ್ದು ಎಚ್.ಡಿ. ದೇವೇಗೌಡರು.

ಇದು ಪಕ್ಷದ ಭಾಷಣ ಅಲ್ಲ, ಗಾಬರಿಯಾಗಬೇಡಿ! ಅವರ ರಾಜಕೀಯವೆಲ್ಲ ನನಗೆ ಒಪ್ಪಿಗೆಯೂ ಅಲ್ಲ; ಮನೆಯವರನ್ನೇ ಮುಂದೆ ತಂದರು ಎಂಬ ತಕರಾರು ನನಗೂ ಇದೆ. ನಾನು ಹೇಳುತ್ತಿರುವುದು ಅವರು ಹೊರಟ ಜಾಗದ ಬಗ್ಗೆ.

1933ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದರು. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದರು. ಸಣ್ಣಪುಟ್ಟ ಸಿವಿಲ್ ಕಂಟ್ರಾಕ್ಟ್ ಹಿಡಿದರು. ಸಹಕಾರ ಸಂಘ, ತಾಲ್ಲೂಕು ಬೋರ್ಡು, ಹೀಗೆ ಊರಿನ ಮಟ್ಟದಲ್ಲೇ ಬೆಳೆದು 1962ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಬಂದರು. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡರು. ಮುಂದೆ ಲೋಕೋಪಯೋಗಿ, ನೀರಾವರಿ ಮಂತ್ರಿಯಾದರು. ನೀರಾವರಿಗೆ ಸಾಕಷ್ಟು ಹಣ ಕೊಡಲಿಲ್ಲವೆಂದು ಆ ಕುರ್ಚಿಯನ್ನೇ ಬಿಟ್ಟರು. ಕಾಲುವೆ, ಮಣ್ಣು, ಅಳತೆಯನ್ನು ಕೈಯಾರೆ ಬಲ್ಲವರಿಗೆ ಆ ಸಿಟ್ಟು ಬರುವುದು ಸಹಜ ಎಂದು ನನಗನ್ನಿಸುತ್ತದೆ. 1989ರಲ್ಲಿ ಸೋತರು. 1994ರಲ್ಲಿ ಮುಖ್ಯಮಂತ್ರಿ, 1996ರ ಜೂನ್ 1ರಂದು ಪ್ರಧಾನಿ. ಹನ್ನೊಂದು ತಿಂಗಳೂ ತುಂಬಲಿಲ್ಲ.

ಅಷ್ಟರಲ್ಲೇ, 1997ರ ಜನವರಿಯಲ್ಲಿ, ಅಸ್ಸಾಮಿನ ಬ್ರಹ್ಮಪುತ್ರ ನದಿಗೆ ಬೋಗಿಬೀಲ್ ಸೇತುವೆಯ ಶಂಕುಸ್ಥಾಪನೆ ಮಾಡಿದರು. ಸುಮಾರು 5 ಕಿಲೋಮೀಟರ್ ಉದ್ದ, ಮೇಲೆ ರಸ್ತೆ, ಕೆಳಗೆ ರೈಲು. ಅದು ಮುಗಿದು ಉದ್ಘಾಟನೆಯಾದದ್ದು 2018ರ ಡಿಸೆಂಬರ್‌ನಲ್ಲಿ. ನಮ್ಮೂರ ಚರಂಡಿ ಕೆಲಸ ನೆನಪಾಯಿತೇ? ನಗಬೇಡಿ.

ಆ ಸಹೋದ್ಯೋಗಿಗೆ ಇಷ್ಟೂ ಹೇಳಿದ ಮೇಲೆ, "ನಾನೂ ಡಿಪ್ಲೊಮಾನೇ" ಎಂದೆ. ಕೆಲಸಕ್ಕೆ ಸೇರಿ ಆರು ವರ್ಷದ ಮೇಲೆ, ಮೊದಲ ಸಲ.

ಮಕ್ಕಳೇ, ಕಾರ್ಯಕ್ರಮ ಮುಗಿದ ಮೇಲೆ ನಾನು ನೀರಿನ ಟ್ಯಾಂಕಿನ ಹತ್ತಿರ ಇರುತ್ತೇನೆ. ಐಟಿಐ, ಡಿಪ್ಲೊಮಾ ಅರ್ಜಿ ಬಗ್ಗೆ ಕೇಳಬೇಕಾದವರು ಬನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ.